27 ವರ್ಷ ಆದ ಮೇಲೆ ಮಾಸ್ತರ ಮನೆಗೆ ಹೋಗಬಹುದಾ?

ಪ್ರಶ್ನೆ: ನನಗೆ 43 ವರ್ಷ. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯವನು. ಈಗ ಪುಣೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದೇನೆ. 1998ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದೆ. ಆ ವರ್ಷ ಸಂಕ್ರಾಂತಿಯಾದ ಮೇಲೆ ಮೆಣಸಿನಕಾಯಿ ಬಿಡಿಸಲು ಅವ್ವನ ಜೊತೆ ಬೆಳಿಗ್ಗೆ ಕೂಲಿಗೆ ಹೋಗುತ್ತಿದ್ದೆ. ಮೊದಲ ಎರಡು ತಾಸು ತಪ್ಪುತ್ತಿದ್ದವು. ಮೊದಲ ತಾಸೇ ಗಣಿತ. ಒಂದು ವಾರ ಕಳೆದ ಮೇಲೆ ನಮ್ಮ ಗಣಿತದ ಮಾಸ್ತರು ತಮ್ಮ ತಾಸನ್ನು ಊಟದ ನಂತರಕ್ಕೆ ಹಾಕಿಸಿಕೊಂಡರು. ಅದು ನನಗೋಸ್ಕರ ಅಂತ ಆಗ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಗೆಳೆಯನೊಬ್ಬ ಹೇಳಿದ. ಗಣಿತ ಪಾಸಾಗಿದ್ದಕ್ಕೇ ನನಗೆ ಡಿಪ್ಲೊಮಾ ಸೀಟು ಸಿಕ್ಕಿದ್ದು. ಮಾಸ್ತರಿಗೆ ಈಗ 78, ಗದಗಿನಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಇಷ್ಟು ವರ್ಷ ಒಂದು ಫೋನ್ ಕೂಡ ಮಾಡಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ? ಅವರಿಗೆ ನನ್ನ ನೆನಪಿರುತ್ತಾ? ಏನು ತಗೊಂಡು ಹೋಗಬೇಕು? ಇನ್ನೊಂದು ವಿಷಯ. ನಮ್ಮ ಬ್ಯಾಚಿನವರು ಗುರುವಂದನಾ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಹರಿದ ಅಂಗಿ ಹಾಕಿಕೊಂಡು ಬರುತ್ತಿದ್ದ ನನ್ನನ್ನು ಎಲ್ಲರ ಮುಂದೆ ಹೀಯಾಳಿಸಿ ಹೊಡೆಯುತ್ತಿದ್ದ ಇನ್ನೊಬ್ಬ ಮಾಸ್ತರೂ ಅಲ್ಲಿಗೆ ಬರುತ್ತಾರೆ. ಅವರ ಕಾಲಿಗೂ ಬೀಳಬೇಕಾ?

ಉತ್ತರ:

ನೇರವಾಗಿ ಹೇಳಿಬಿಡುತ್ತೇನೆ. ಗಣಿತದ ಮಾಸ್ತರ ಮನೆಗೆ ಹೋಗಿ, ಆದಷ್ಟು ಬೇಗ ಹೋಗಿ. ಇನ್ನೊಬ್ಬರ ಕಾಲಿಗೆ ನೀವು ಬೀಳಬೇಕಾಗಿಲ್ಲ. ಎರಡೂ ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಂಥದ್ದೇ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಸುಮ್ನೆ ಕೂತವರು ಬಹಳ ಮಂದಿ ಇದ್ದಾರೆ.

ನಾನು ಧಾರವಾಡದಲ್ಲಿ 24 ವರ್ಷ ಶಿಕ್ಷಕರಿಗೆ ತರಬೇತಿ ಕೊಟ್ಟವಳು. ನಿವೃತ್ತಿ ಆದ ಮೇಲೆ ಆಪ್ತ ಸಮಾಲೋಚನೆ ಮಾಡುತ್ತಿದ್ದೇನೆ. ನನ್ನ ಹತ್ತಿರ ಬರುವವರಲ್ಲಿ ನಿವೃತ್ತ ಮಾಸ್ತರು, ಅಕ್ಕೋರು ಜಾಸ್ತಿ. ಮಂಡಿನೋವು, ಮಕ್ಕಳು ದೂರ ಇರುವುದು, ಹೊತ್ತು ಹೋಗದಿರುವುದು, ಹೀಗೆ ಏನೇನೋ ಹೇಳಿಕೊಳ್ಳಲು ಬರುತ್ತಾರೆ. ಮಾತು ಸ್ವಲ್ಪ ಮುಂದೆ ಹೋದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಯಾವುದೋ ಒಂದು ಹುಡುಗನ ಹತ್ತಿರ, ಒಂದು ಹುಡುಗಿಯ ಹತ್ತಿರ ಬಂದು ನಿಲ್ಲುತ್ತಾರೆ. ‘ಛಲೋ ಇದ್ದ ಹುಡುಗ. ಮುಂದ ಏನಾದನೋ ಏನೋ’ ಅನ್ನುತ್ತಾರೆ. ಹಳೆಯ ವಿದ್ಯಾರ್ಥಿಗಳು ಬಂದು ನಮಸ್ಕಾರ ಮಾಡಲಿಲ್ಲ, ಶಾಲು ಹೊದಿಸಲಿಲ್ಲ ಅಂತ ನನ್ನ ಮುಂದೆ ಯಾರೂ ಬೇಜಾರು ಮಾಡಿಕೊಂಡಿದ್ದು ನೆನಪಿಲ್ಲ. ‘ಏನಾದನೋ’ ಅನ್ನುವ ಮಾತನ್ನು ಮಾತ್ರ ಮತ್ತೆ ಮತ್ತೆ ಕೇಳಿದ್ದೇನೆ.

ಅದು ಸಹಜ ಅಲ್ವಾ? ಬಡಿಗ ತಾನು ಮಾಡಿದ ಬಾಗಿಲನ್ನು ಅದೇ ಓಣಿಯಲ್ಲಿ ಹೋಗಿಬರುವಾಗ ನೋಡುತ್ತಾನೆ. ರೈತ ತನ್ನ ಬೆಳೆಯನ್ನು ಕಣದಲ್ಲಿ ರಾಶಿ ಹಾಕಿ ನೋಡುತ್ತಾನೆ. ಮಾಸ್ತರ ಬೆಳೆ ಮಾತ್ರ ಇನ್ನೂ ಎಳೆಯದಿರುವಾಗಲೇ ಟಿಸಿ ತಗೊಂಡು ಹೊರಟುಬಿಡುತ್ತದೆ. ವರ್ಷಕ್ಕೆ 40 ಹೊಸ ಮಕ್ಕಳು ಅಂತ ಹಿಡಿದರೂ 33 ವರ್ಷದ ನೌಕರಿಯಲ್ಲಿ 1,320 ಮಕ್ಕಳು. ಅವರಲ್ಲಿ ಎಷ್ಟು ಜನರ ಸುದ್ದಿ ಆ ಮಾಸ್ತರಿಗೆ ಗೊತ್ತಿದ್ದೀತು? ಅದೇ ಊರಲ್ಲಿ ಉಳಿದವರದ್ದು, ಪೇಪರಿನಲ್ಲಿ ಫೋಟೊ ಬಂದವರದ್ದು, ಅಷ್ಟೇ. ಪುಣೆಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿರುವ ನಿಮ್ಮ ಸುದ್ದಿ ಅವರಿಗೆ ಯಾರು ಮುಟ್ಟಿಸಬೇಕು?

ಹಾಗಾಗಿ ಈ ಭೇಟಿಯನ್ನು ಋಣ ತೀರಿಸುವ ಕೆಲಸ ಅಂತ ತಿಳಿಯಬೇಡಿ. ಋಣ ಅಂದ ಕೂಡಲೇ ಎಷ್ಟು ಕೊಡಬೇಕು, ಎಷ್ಟು ತಡವಾಯಿತು ಅನ್ನುವ ಲೆಕ್ಕ ಶುರುವಾಗಿ ನಾಚಿಕೆ ಬಂದು ಕೂಡುತ್ತದೆ. ನೀವು ಸುದ್ದಿ ಹೇಳಲು ಹೋಗುತ್ತಿದ್ದೀರಿ. ‘ಸರ, ನೀವು ಹೀಗೆ ಮಾಡಿದ್ದಿರಿ, ಅದರಿಂದ ಹೀಗಾಯಿತು’ ಅಂತ ಹೇಳಲು ಹೋಗುತ್ತಿದ್ದೀರಿ. ಸುದ್ದಿ ತಡವಾಗಿ ಬಂದರೂ ಅದನ್ನು ಯಾರೂ ವಾಪಸ್ ಕಳಿಸುವುದಿಲ್ಲ.

ತಡವಾಗಿದ್ದರ ಬಗ್ಗೆ ಇನ್ನೊಂದು ಮಾತು. ಮಾಸ್ತರು ಮಾಡಿದ ಉಪಕಾರ ಆಗಲೇ ಗೊತ್ತಾಗುವುದು ಬಹಳ ಕಡಿಮೆ. ಒಳ್ಳೆಯ ಮಾಸ್ತರು ಅದನ್ನು ಕಾಣದ ಹಾಗೆ ಮಾಡಿರುತ್ತಾರೆ. ನಿಮ್ಮ ಮಾಸ್ತರು ಇಡೀ ವರ್ಗದ ಮುಂದೆ ‘ಇವನು ಕೂಲಿಗೆ ಹೋಗುತ್ತಾನೆ, ಪಾಪ, ಇವನಿಗಾಗಿ ತಾಸು ಬದಲಿಸಿದ್ದೇನೆ’ ಅಂದಿದ್ದರೆ ನಿಮಗೆ ಅವತ್ತೇ ಗೊತ್ತಾಗುತ್ತಿತ್ತು. ಆದರೆ ಮರುದಿನದಿಂದ ನೀವು ಸಾಲಿಗೆ ಬರುತ್ತಿದ್ದಿರಾ? ಅವರು ಬಾಯಿ ಬಿಡದೇ ಇದ್ದದ್ದು ಕೂಡ ಉಪಕಾರದ ಒಂದು ಭಾಗವೇ. ಅದಕ್ಕೇ ನಿಮಗೆ ತಿಳಿಯಲು ಅಷ್ಟು ವರ್ಷ ಬೇಕಾಯಿತು.

ನನ್ನದೇ ಒಂದು ಹೇಳುತ್ತೇನೆ. ನಾನು ಓದಿದ್ದು ರೋಣ ತಾಲೂಕಿನ ಒಂದು ಹಳ್ಳಿಯ ಕನ್ನಡ ಸಾಲಿಯಲ್ಲಿ. ಸಣ್ಣವಳಿದ್ದಾಗ ನನಗೆ ಉಗ್ಗು ಇತ್ತು. ಗಟ್ಟಿಯಾಗಿ ಓದು ಅಂದರೆ ಮೊದಲ ಅಕ್ಷರದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಮೂರನೆಯತ್ತೆಯ, ಅಂದರೆ ಮೂರನೇ ತರಗತಿಯ, ತನಕ ಓದುವ ಸರದಿ ಬಂತೆಂದರೆ ಹೊಟ್ಟೆನೋವು ಅಂತ ಮನೆಗೆ ಓಡುತ್ತಿದ್ದೆ. ನಾಲ್ಕನೆಯತ್ತೆಗೆ ಹೊಸ ಅಕ್ಕೋರು ಬಂದರು. ಅವರು ಬಂದ ಒಂದು ತಿಂಗಳಿಗೇ ಒಬ್ಬೊಬ್ಬರೇ ಎದ್ದು ಓದುವುದನ್ನು ನಿಲ್ಲಿಸಿಬಿಟ್ಟರು. ಇಬ್ಬಿಬ್ಬರು ಸೇರಿ ಓದಬೇಕು, ಇಲ್ಲಾಂದ್ರೆ ಇಡೀ ಸಾಲು ಸೇರಿ ಓದಬೇಕು. ಪದ್ಯ ಇದ್ದರೆ ರಾಗ ಹಾಕಿ ಹೇಳಬೇಕು. ಜೊತೆಯಲ್ಲಿ ಓದುವಾಗ ನನ್ನ ನಾಲಿಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಅಕ್ಕೋರಿಗೆ ಗದ್ದಲ ಇಷ್ಟ ಅಂತ ನಾನು ತಿಳಿದಿದ್ದೆ. ವರ್ಷದ ಕೊನೆಗೆ ನಾನೊಬ್ಬಳೇ ಎದ್ದು ಒಂದು ಪುಟ ಓದಿದೆ. ಅಲ್ಲಲ್ಲಿ ತಡವರಿಸಿದೆ, ಆದರೆ ಓದಿದೆ.

ಮೂವತ್ತು ದಾಟಿದ ಮೇಲೆ, ತರಬೇತಿ ಕೊಡಲು ತಯಾರಿ ಮಾಡುವಾಗ, ಒಂದು ಪಾಠದಲ್ಲಿ ಓದಿದೆ. ಉಗ್ಗು ಇರುವ ಮಕ್ಕಳು ಇನ್ನೊಬ್ಬರ ದನಿ ಜೊತೆ ಓದಿದಾಗ, ಹಾಡಿದಾಗ, ಲಯಕ್ಕೆ ಸರಿಯಾಗಿ ಹೇಳಿದಾಗ ಉಗ್ಗು ಬಹಳಷ್ಟು ಕಡಿಮೆಯಾಗುತ್ತದೆ ಅಂತ ಅಲ್ಲಿತ್ತು. ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಹಾಗೇ ಕೂತಿದ್ದೆ. ಅಕ್ಕೋರು ಅದನ್ನೆಲ್ಲ ನೋಡಿಕೊಂಡೇ ಮಾಡಿದ್ದರು. ಒಂದು ಮಗುವಿಗಾಗಿ 30 ಮಕ್ಕಳ ಓದುವ ಪದ್ಧತಿಯನ್ನೇ ಬದಲಿಸಿದ್ದರು, ಆ ಮಗುವಿಗೂ ಗೊತ್ತಾಗದ ಹಾಗೆ.

ಹೋಗಿ ಹೇಳಬೇಕು ಅಂದುಕೊಂಡೆ. ಮಗಳ ಪರೀಕ್ಷೆ ಮುಗಿಯಲಿ ಅಂದೆ, ಮಳೆಗಾಲ ಮುಗಿಯಲಿ ಅಂದೆ, ಮನೆ ಕಟ್ಟಿಸುವುದು ಮುಗಿಯಲಿ ಅಂದೆ. ಕೊನೆಗೆ ಹೋದಾಗ ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಬಾಗಿಲು ತೆಗೆದವರು ಅವರ ಮಗಳು. ನಾನು ಹೆಸರು, ಊರು ಹೇಳಿದೆ, ಉಗ್ಗಿನ ಕಥೆ ಹೇಳಿದೆ. ಆಕೆ ಬಾಗಿಲಲ್ಲೇ ನಿಂತು, ‘ಅವ್ವ ಆಗಾಗ ಅಂತಿದ್ರು. ಆ ಊರಾಗ ಒಂದ್ ಹುಡುಗಿ ಇತ್ತು, ಮಾತಿಗೆ ಹೆದರೋದು, ಮುಂದ ಏನಾತೋ ಅಂತ’ ಅಂದರು. ಅವರಿಗೆ ಬೇಕಾಗಿದ್ದು ಒಂದು ಪೋಸ್ಟ್ ಕಾರ್ಡಿನಷ್ಟು ಸುದ್ದಿ. ಆ ಹುಡುಗಿ ಈಗ ದಿನಕ್ಕೆ ನಾಲ್ಕು ತಾಸು ನಿಂತು ಪಾಠ ಹೇಳುತ್ತಾಳೆ ಅನ್ನುವಷ್ಟು. ಅದನ್ನು ನಾನು ಕೊಡಲಿಲ್ಲ. ಈ ನೋವು ನನಗೆ ಇನ್ನೂ ಇದೆ, ನಿಮಗೆ ಇಷ್ಟು ಒತ್ತಾಯ ಮಾಡುತ್ತಿರುವುದೂ ಅದಕ್ಕೇ.

ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಕೇಳಿದ್ದೀರಿ. ಈ ಅಳುಕು ನಿಮ್ಮೊಬ್ಬರದ್ದಲ್ಲ. ಅಮೆರಿಕದಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆಯಿರಿ ಅಂತ ಜನರಿಗೆ ಹೇಳಿ, ಓದಿದವರಿಗೆ ಹೇಗನ್ನಿಸಬಹುದು ಅಂತ ಬರೆದವರಿಂದ ಮೊದಲೇ ಅಂದಾಜು ಕೇಳಿದರು. ಆಮೇಲೆ ಪತ್ರ ತಲುಪಿದವರನ್ನೇ ಕೇಳಿದರು. ಬರೆದವರು ‘ಅವರಿಗೆ ಮುಜುಗರ ಆಗಬಹುದು’ ಅಂತ ಅಂದುಕೊಂಡಷ್ಟು ಮುಜುಗರ ಅವರಿಗೆ ಆಗಿರಲಿಲ್ಲ. ಖುಷಿ, ಆಶ್ಚರ್ಯ ಮಾತ್ರ ಅಂದಾಜಿಗಿಂತ ಜಾಸ್ತಿ ಆಗಿತ್ತು. ಇನ್ನೊಂದು ಚಂದದ ವಿಷಯ ಏನೆಂದರೆ, ಬರೆಯುವವರು ನನಗೆ ಸರಿಯಾಗಿ ಬರೆಯಲು ಬರುತ್ತಾ, ಪದ ಸಿಗುತ್ತಾ ಅಂತ ಚಿಂತೆ ಮಾಡುತ್ತಾರೆ. ಓದುವವರು ನೋಡುವುದು ಅದರಲ್ಲಿರುವ ಪ್ರೀತಿಯನ್ನು. ನಮ್ಮ ಮಾಸ್ತರುಗಳು ಕಾಗುಣಿತದ ತಪ್ಪನ್ನೂ ನೋಡಬಹುದು, ಅದು ಅವರ ಅಭ್ಯಾಸ. ನೋಡಲಿ ಬಿಡಿ.

ಮೊದಲು ಒಂದು ಪತ್ರ ಬರೆಯಿರಿ. ಭೇಟಿಗೆ ಮುಂಚೆ ಪತ್ರ ಹೋಗಲಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಎದುರಿಗೆ ಕೂತಾಗ ಗಂಟಲು ಕಟ್ಟುತ್ತದೆ. ‘ನಿಮ್ಮಿಂದಲೇ ಸರ ಎಲ್ಲಾ’ ಅಂದು ಚಹಾ ಕುಡಿದು ಎದ್ದು ಬರುತ್ತೀರಿ. ಫೋನಿನಲ್ಲಿ ಹೇಳಿದ್ದು ಅರ್ಧ ಕೇಳಿಸುತ್ತದೆ, ವಯಸ್ಸಾದವರಿಗೆ ಕಿವಿ ಮಂದ. ಪತ್ರವನ್ನು ಅವರು ದಿಂಬಿನ ಕೆಳಗೆ ಇಟ್ಟುಕೊಂಡು ಹತ್ತು ಸಲ ಓದುತ್ತಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಒಂದೇ ಪುಟ ಸಾಕು. ಕೈಯಿಂದ ಬರೆಯಿರಿ, ಅಕ್ಷರ ದೊಡ್ಡದಿರಲಿ, ಸಾಲಿನ ನಡುವೆ ಜಾಗ ಬಿಡಿ. ನೀಲಿ ಅಥವಾ ಕಪ್ಪು ಶಾಯಿ, ತೆಳು ಬಣ್ಣ ಬೇಡ.

ಅದರಲ್ಲಿ ಏನಿರಬೇಕು? ‘ನೀವು ನನ್ನ ಬಾಳಿನ ದಾರಿದೀಪ’ ಅನ್ನುವಂಥದ್ದು ಬೇಡ. ಅದು ಅಭಿನಂದನಾ ಪತ್ರದಲ್ಲಿ ಎಲ್ಲರಿಗೂ ಬರೆಯುವ ಮಾತು, ಅದರಲ್ಲಿ ಅವರೂ ಇಲ್ಲ, ನೀವೂ ಇಲ್ಲ. ನೀವು ನನಗೆ ಬರೆದಿದ್ದೀರಲ್ಲ, ಅದನ್ನೇ ಅವರಿಗೆ ಬರೆಯಿರಿ. ‘ಸರ, ಆ ವರ್ಷ ನಾನು ಬೆಳಿಗ್ಗೆ ಕಾಯಿ ಬಿಡಿಸಲು ಹೋಗುತ್ತಿದ್ದೆ. ನೀವು ನಿಮ್ಮ ತಾಸನ್ನು ಊಟದ ನಂತರಕ್ಕೆ ಹಾಕಿಸಿಕೊಂಡಿರಿ. ಅವತ್ತಿನಿಂದ ನನಗೆ ಗಣಿತದ ತಾಸು ತಪ್ಪಲಿಲ್ಲ. ಇಷ್ಟು ಅಂಕ ಬಂತು. ಡಿಪ್ಲೊಮಾ ಮಾಡಿದೆ. ಈಗ ಪುಣೆಯಲ್ಲಿ ಇಂಥ ಕೆಲಸ. ಅವ್ವ ಈಗ ಕೂಲಿಗೆ ಹೋಗುವುದಿಲ್ಲ. ಇದು ನನಗಾಗಿ ಮಾಡಿದ್ದು ಅಂತ ಬಹಳ ವರ್ಷದ ಮೇಲೆ ಗೊತ್ತಾಯಿತು, ಹೇಳಲು ತಡವಾಯಿತು.’ ಇಷ್ಟೇ. ನಿಮ್ಮ ಅವ್ವನ ಸ್ಥಿತಿ ನನಗೆ ಗೊತ್ತಿಲ್ಲ, ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ತಡವಾಗಿದ್ದಕ್ಕೆ ಒಂದೇ ವಾಕ್ಯ ಸಾಕು. ಕ್ಷಮೆ ಕೇಳುವುದರಲ್ಲೇ ಅರ್ಧ ಪುಟ ಹೋದರೆ ಅವರು ನಿಮ್ಮನ್ನು ಸಮಾಧಾನ ಮಾಡುತ್ತಾ ಕೂಡಬೇಕಾಗುತ್ತದೆ.

ಪತ್ರ ಮುಟ್ಟಿದ ಒಂದು ವಾರಕ್ಕೆ ಮಗಳಿಗೆ ಫೋನ್ ಮಾಡಿ. ಮಾಸ್ತರು ಯಾವ ಹೊತ್ತಿಗೆ ಚುರುಕಾಗಿರುತ್ತಾರೆ, ಮಧ್ಯಾಹ್ನ ಎಷ್ಟು ಹೊತ್ತಿಗೆ ಮಲಗುತ್ತಾರೆ, ಏನು ತಿನ್ನಬಹುದು, ಏನು ತಿನ್ನಬಾರದು ಅಂತ ಅವರನ್ನೇ ಕೇಳಿ. ಈ ಕಡೆ ಯಾರ ಮನೆಗೆ ಹೋದರೂ ಧಾರವಾಡ ಪೇಡೆ ಒಯ್ಯುವುದು ರೂಢಿ, ಆದರೆ 78ರ ಮನುಷ್ಯನಿಗೆ ಸಕ್ಕರೆ ಕಾಯಿಲೆ ಇದ್ದರೆ ಆ ಪೊಟ್ಟಣ ನೋಡಿಕೊಂಡು ಕೂಡಬೇಕು. ಹಣ್ಣು ಒಯ್ಯಿರಿ. ಒಂದು ಧೋತರವೋ, ಚಳಿಗೆ ಮೆತ್ತನೆಯ ಹೊದಿಕೆಯೋ ಆದೀತು. ನನ್ನನ್ನು ಕೇಳಿದರೆ, ನಿಮ್ಮ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಒಯ್ಯಿರಿ. ಗಣಿತದ ಅಂಕದ ಮೇಲೆ ಬೆರಳಿಟ್ಟು ತೋರಿಸಿ. ಆ ಅಂಕದಲ್ಲಿ ಅವರದ್ದೂ ಪಾಲಿದೆ. ಕಾರ್ಖಾನೆಯಲ್ಲಿ ನೀವು ಕೆಲಸ ಮಾಡುವ ಜಾಗದ ಎರಡು ಫೋಟೊ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಮೊಬೈಲ್ ಪರದೆಯಲ್ಲಿ ಅವರಿಗೆ ಸರಿಯಾಗಿ ಕಾಣುವುದಿಲ್ಲ. ಹೆಂಡತಿ, ಮಕ್ಕಳು ಬರುವಂತಿದ್ದರೆ ಕರೆದುಕೊಂಡು ಹೋಗಿ. ಆದರೆ ಇಪ್ಪತ್ತು ಜನ ಗೆಳೆಯರನ್ನು ಗಾಡಿ ತುಂಬಿಸಿಕೊಂಡು ಹೋಗಬೇಡಿ. ಕೇಳದೆ ವಿಡಿಯೊ ಮಾಡಬೇಡಿ. ಬನಿಯನ್ ಮೇಲೆ ಕೂತ ಮಾಸ್ತರ ಫೋಟೊ ಸಂಜೆ ನೂರು ಜನರ ಸ್ಟೇಟಸ್ಸಿನಲ್ಲಿ ಬರುವುದು ಅವರಿಗೆ ಹಿಡಿಸಲಿಕ್ಕಿಲ್ಲ.

ಒಂದು ತಪ್ಪು ಮಾತ್ರ ಖಂಡಿತ ಮಾಡಬೇಡಿ. ನಮ್ಮ ಕಡೆ ಇದು ಬಹಳ ಇದೆ. ಹೋದ ಕೂಡಲೇ ಎದುರಿಗೆ ನಿಂತು, ‘ನಾ ಯಾರ ಹೇಳ್ರಿ ನೋಡೋಣು ಸರ?’ ಅಂತ ಕೇಳುವುದು. ನಾವು ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ 16 ವರ್ಷದ ಹುಡುಗನ ಮುಖ 43ಕ್ಕೆ ಅದೇ ಇರುತ್ತದಾ? ಮೀಸೆ ಬಂದಿದೆ, ಮೈ ಬಂದಿದೆ, ಕೂದಲು ಬೆಳ್ಳಗಾಗಿವೆ. ಅವರು ಗುರುತು ಹಿಡಿಯಲು ಒದ್ದಾಡುತ್ತಾರೆ, ಆಗದಿದ್ದರೆ ಮರೆತೆನಲ್ಲ ಅಂತ ಸಣ್ಣಗಾಗುತ್ತಾರೆ. ಜೀವಮಾನವೆಲ್ಲ ಪರೀಕ್ಷೆ ಮಾಡಿದವರನ್ನು ಮುಪ್ಪಿನಲ್ಲಿ ಪರೀಕ್ಷೆಗೆ ಕೂಡಿಸಬೇಡಿ. ಹೋದ ತಕ್ಷಣ ಎದುರಿಗೆ, ಬೆಳಕಿನಲ್ಲಿ ಕೂತು, ನಿಧಾನಕ್ಕೆ ಹೇಳಿ: ಹೆಸರು, ಊರು, ವರ್ಷ, ಅಪ್ಪ ಅವ್ವ ಯಾರು, ಪಕ್ಕದಲ್ಲಿ ಯಾರು ಕೂಡುತ್ತಿದ್ದರು. ಹೀಗೆ ಒಂದೊಂದೇ ಗುರುತು ಕೊಟ್ಟರೆ ಹಳೆಯ ನೆನಪು ತಾನಾಗಿ ಎದ್ದು ಬರುತ್ತದೆ. ಮರೆವಿನ ಕಾಯಿಲೆ ಇದ್ದವರಲ್ಲಿ ಕೂಡ ಸಾಮಾನ್ಯವಾಗಿ ಮೊದಲು ಹೋಗುವುದು ನಿನ್ನೆ ಮೊನ್ನೆಯ ನೆನಪು, ಹಳೆಯದು ಬಹಳ ದಿನ ಉಳಿಯುತ್ತದೆ. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿಲ್ಲದವರು 1975ರ ವರ್ಗದ ಹಾಜರಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಿಮ್ಮ ನೆನಪೇ ಇಲ್ಲದಿದ್ದರೆ? ಇರಲಿಕ್ಕಿಲ್ಲ ಅಂತಲೇ ತಿಳಿದು ಹೋಗಿ. ತಾಸು ಬದಲಿಸಿದ್ದು ನಿಮಗೆ ದೊಡ್ಡ ಸಂಗತಿ, ಅವರಿಗೆ ಅದು ಆ ವಾರದ ಹತ್ತು ಕೆಲಸಗಳಲ್ಲಿ ಒಂದು. ಇಂಥದ್ದನ್ನು ಅವರು ಎಷ್ಟು ಮಕ್ಕಳಿಗೆ ಮಾಡಿದ್ದಾರೋ. ಅವರಿಗೆ ನೆನಪಿಲ್ಲ ಅಂದರೆ ನಿಮ್ಮ ಮಾತಿಗೆ ಬೆಲೆ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಅವರದೇ ಬದುಕಿನ ಒಂದು ಒಳ್ಳೆಯ ದಿನ ಅವರ ಹತ್ತಿರ ಇರಲಿಲ್ಲ, ನೀವು ತಂದುಕೊಟ್ಟಿರಿ.

ನಿಮ್ಮದು ಹೇಳಿದ ಮೇಲೆ ಸುಮ್ಮನಾಗಿ, ಅವರು ಮಾತಾಡಲಿ. ಪೆನ್ಷನ್ ವಿಷಯ ಹೇಳಬಹುದು, ತೀರಿಹೋದ ಹೆಂಡತಿಯ ವಿಷಯ ಹೇಳಬಹುದು. ಕೇಳಿ. ಆಮೇಲೆ ನೀವೂ ಒಂದು ಪ್ರಶ್ನೆ ಕೇಳಿ: ‘ಸರ, ತಾಸು ಬದಲಿಸಿದ್ದಕ್ಕೆ ನಿಮಗೆ ತ್ರಾಸು ಆಯಿತಾ?’ ಹೈಸ್ಕೂಲಿನಲ್ಲಿ ಮೊದಲ ತಾಸು ಗಣಿತಕ್ಕೆ ಇಡುವುದು ಮಕ್ಕಳ ತಲೆ ಚುರುಕಾಗಿರುತ್ತದೆ ಅಂತ. ಊಟದ ನಂತರದ ತಾಸು ಯಾರಿಗೂ ಬೇಡ, ಮಕ್ಕಳು ತೂಕಡಿಸುತ್ತಾರೆ. ಯಾವುದೋ ಮಾಸ್ತರ ಜೊತೆ ತಾಸು ಅದಲುಬದಲು ಮಾಡಿಕೊಂಡಿರಬೇಕು, ಹೆಡ್ ಮಾಸ್ತರನ್ನು ಒಪ್ಪಿಸಿರಬೇಕು, ಬೇಸಿಗೆಯ ಮಧ್ಯಾಹ್ನ ನಿದ್ದೆಗಣ್ಣಿನ ವರ್ಗಕ್ಕೆ ಲೆಕ್ಕ ಹೇಳಿರಬೇಕು. ಟೈಮ್ ಟೇಬಲ್ ಬದಲಿಸುವುದು ಎಷ್ಟು ಕಷ್ಟ ಅಂತ ಮಾಸ್ತರಿಕೆ ಮಾಡಿದವರಿಗೆ ಗೊತ್ತು. ಆ ಕಥೆಯ ಅವರ ಕಡೆಯ ಅರ್ಧ ನಿಮಗೆ ಇನ್ನೂ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳಿ.

ಒಂದು ಸಲ ಹೋಗಿ ಬಂದರೆ ಮುಗಿಯಿತು ಅಂತಲೂ ತಿಳಿಯಬೇಡಿ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಪಕಾರ ಮಾಡಿದವರಿಗೆ ಪತ್ರ ಬರೆದು ತಾವೇ ಹೋಗಿ ಕೊಟ್ಟವರ ಸಂತೋಷ ಬಹಳ ಏರಿತ್ತು, ಅದು ಸುಮಾರು ಒಂದು ತಿಂಗಳು ಉಳಿದಿತ್ತು, ಆಮೇಲೆ ಇಳಿದುಹೋಯಿತು. ನನಗೆ ಅದರಲ್ಲಿ ಆಶ್ಚರ್ಯ ಅನ್ನಿಸಲಿಲ್ಲ. ಒಂದು ಊಟ ಎಷ್ಟು ದಿನ ಬಂದೀತು? ನಮ್ಮ ಹಿರಿಯರು ಇದಕ್ಕೆ ವರ್ಷ ವರ್ಷವೂ ದಿನ ಇಟ್ಟಿದ್ದರು. ದಸರೆಗೆ ಬನ್ನಿ ಕೊಟ್ಟು ‘ಬಂಗಾರದ್ಹಂಗ ಇರೋಣು’ ಅಂತ ಹಿರಿಯರ ಕಾಲಿಗೆ ನಮಸ್ಕರಿಸುವುದು, ಸಂಕ್ರಾಂತಿಗೆ ಕುಸುರೆಳ್ಳು ಹಿಡಿದು ಹೋಗುವುದು. ನಾವು ಸಣ್ಣವರಿದ್ದಾಗ ಸಾಯಂಕಾಲ ಬನ್ನಿ ಮುಡಿದು ಬಂದ ಮೇಲೆ ಮನೆಯವರಿಗೆ ಕೊಟ್ಟ ಕೂಡಲೇ ಓಡುತ್ತಿದ್ದದ್ದು ಮಾಸ್ತರ ಮನೆಗೆ. ಅವರ ಮನೆಯ ಕಟ್ಟೆ ಮೇಲೆ ಬನ್ನಿ ಎಲೆಯ ರಾಶಿಯೇ ಬಿದ್ದಿರುತ್ತಿತ್ತು. ಸೆಪ್ಟೆಂಬರ್ 5ರ ಶಿಕ್ಷಕರ ದಿನ ನಮ್ಮಲ್ಲಿ 1962ರಿಂದ ಶುರುವಾಗಿದ್ದು, ಅದು ಒಳ್ಳೆಯದೇ, ಆದರೆ ಅದು ಸಾಲಿಯೊಳಗಿನ ಹಬ್ಬ. ಸಾಲಿ ಬಿಟ್ಟವರಿಗೆ ಬನ್ನಿಯೇ ಸರಿಯಾದ ದಿನ. ವರ್ಷಕ್ಕೊಮ್ಮೆ ಬನ್ನಿಗೆ ಹೋಗಿ, ಬರಲಾಗದಿದ್ದರೆ ಅವತ್ತು ಫೋನ್ ಮಾಡಿ, ಪತ್ರದಲ್ಲಿ ನಾಲ್ಕು ಎಲೆ ಇಟ್ಟು ಕಳಿಸಿ.

ನೀವು ಹೋಗುತ್ತಿರುವುದು ಗದಗಿಗೆ ಅನ್ನುವುದು ನನಗೆ ವಿಶೇಷ ಅನ್ನಿಸಿತು. ಸಮಯ ಇದ್ದರೆ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಬನ್ನಿ. ಆ ಆಶ್ರಮದ ಪಂಚಾಕ್ಷರ ಗವಾಯಿಗಳು ನಿಮ್ಮ ಜಿಲ್ಲೆಯವರೇ, ಹಾನಗಲ್ ತಾಲೂಕಿನಲ್ಲಿ ಹುಟ್ಟಿದವರು. ಕಣ್ಣಿಲ್ಲದ ಅವರು ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮವನ್ನು ಹೊತ್ತರು, ಅವರಿಗೂ ಕಣ್ಣಿರಲಿಲ್ಲ. 2010ರಲ್ಲಿ ತಾವು ಹೋಗುವ ತನಕ, 66 ವರ್ಷ, ಗುರುವಿನ ಕೆಲಸವನ್ನೇ ಮಾಡಿದರು. ಹುಬ್ಬಳ್ಳಿಗೆ ಹತ್ತಿರದ ಕುಂದಗೋಳದ್ದೂ ಇಂಥದ್ದೇ ಕಥೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಹೋಗಿ ಗಾಯಕ ಸವಾಯಿ ಗಂಧರ್ವರಿಂದ ಸಂಗೀತದ ಪಾಠ ಹೇಳಿಸಿಕೊಳ್ಳುತ್ತಿದ್ದರು. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ ಅದೇ ಗುರುವಿನ ಹತ್ತಿರ ಉಳಿದು ಕಲಿತರು. ಗುರು 1952ರಲ್ಲಿ ಹೋದರು, 1953ರಲ್ಲಿ ನಿಮ್ಮ ಪುಣೆಯಲ್ಲೇ ಸವಾಯಿ ಗಂಧರ್ವ ಉತ್ಸವ ಶುರುವಾಯಿತು. ಭೀಮಸೇನರು ಅದನ್ನು ದಶಕಗಟ್ಟಲೆ ನಡೆಸಿದರು. ಪುಣೆಯಲ್ಲಿ ಈಗಲೂ ಡಿಸೆಂಬರಿನಲ್ಲಿ ನಡೆಯುವ ಆ ಉತ್ಸವದ ಹೆಸರಿನಲ್ಲಿ ಇರುವುದು ಕುಂದಗೋಳದ ಒಬ್ಬ ಮಾಸ್ತರು.

ನಾವು ನೀವು ಅಷ್ಟು ದೊಡ್ಡದು ಮಾಡುವುದಕ್ಕೆ ಆಗಲಿಕ್ಕಿಲ್ಲ. ಆದರೆ ನೀವು ಶಿಫ್ಟ್ ಇನ್‌ಚಾರ್ಜ್ ಅಂತ ಬರೆದಿದ್ದೀರಿ, ಅಂದರೆ ಯಾರಿಗೆ ಯಾವ ಶಿಫ್ಟ್ ಅನ್ನುವುದು ಸ್ವಲ್ಪವಾದರೂ ನಿಮ್ಮ ಕೈಯಲ್ಲಿರಬೇಕು. ಸಂಜೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ಬೆಳಗಿನ ಶಿಫ್ಟ್ ಕೇಳಿಕೊಂಡು ಬಂದೇ ಬರುತ್ತಾನೆ, ಇಲ್ಲವೇ ಕೇಳಲು ಹೆದರಿ ಸುಮ್ಮನಿರುತ್ತಾನೆ. ನಿಮಗೆ ಮಾಸ್ತರು ಮಾಡಿದ್ದನ್ನು ಅವನಿಗೆ ಮಾಡಿ. ಮುಂದಿನ ಬನ್ನಿಗೆ ಹೋದಾಗ ಆ ಸುದ್ದಿಯನ್ನೂ ಮಾಸ್ತರಿಗೆ ಹೇಳಿ.

ಈಗ ಇನ್ನೊಬ್ಬ ಮಾಸ್ತರ ವಿಷಯ. ಗುರು ದೇವರ ಸಮಾನ, ಹೊಡೆದರೂ ಒಳ್ಳೆಯದಕ್ಕೇ ಅಂತ ಗೆಳೆಯರು ಹೇಳಬಹುದು. ನಾನು ಒಪ್ಪುವುದಿಲ್ಲ. ಒಂದು ಮಗುವಿನ ಹರಿದ ಅಂಗಿಯನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡುವುದು ಪಾಠವಲ್ಲ, ಶಿಸ್ತೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ನಿಮ್ಮ ಕಾಲಕ್ಕೆ ಆ ಕಾಯ್ದೆ ಇರಲಿಲ್ಲ, ಆದರೆ ತಪ್ಪು ಆಗಲೂ ತಪ್ಪೇ ಆಗಿತ್ತು. ನಿಮ್ಮ ಎರಡನೆಯ ಪ್ರಶ್ನೆ ಓದುವಾಗ ನನಗೆ ಬಹಳ ಸಂಕಟವಾಯಿತು. ಕಾಲಿಗೆ ಬೀಳುವುದು ಪ್ರೀತಿ ಇದ್ದಲ್ಲಿ ತಾನಾಗಿ ಆಗುವಂಥದ್ದು, ಹಾಜರಿ ಹಾಕಿದ ಹಾಗೆ ಎಲ್ಲರಿಗೂ ಮಾಡಬೇಕು ಅಂತಿಲ್ಲ. ಕಾರ್ಯಕ್ರಮಕ್ಕೆ ಹೋಗಿ, ಅವರು ಎದುರಾದರೆ ಕೈ ಮುಗಿದು ಮುಂದೆ ಹೋಗಿ. ಅದೂ ಬೇಡ ಅನ್ನಿಸಿದರೆ ಆ ದಿನ ಹೋಗಲೇಬೇಡಿ. ಮುಂದೆ ಎಂದಾದರೂ ಅವರನ್ನು ಕ್ಷಮಿಸಬೇಕು ಅನ್ನಿಸಿದರೆ ಕ್ಷಮಿಸಿ, ಅದು ನಿಮ್ಮ ಮತ್ತು ಅವರ ನಡುವಿನ ಮಾತು, ಬ್ಯಾಚಿನವರದ್ದಲ್ಲ. ಇನ್ನೊಂದು ಮಾತು: ‘ಅವರು ಅವಮಾನ ಮಾಡಿದ್ದಕ್ಕೇ ನನಗೆ ಛಲ ಬಂತು’ ಅಂತ ಅವರ ಲೆಕ್ಕಕ್ಕೆ ಜಮಾ ಮಾಡಬೇಡಿ. ಛಲ ನಿಮ್ಮದು. ಅವಮಾನ ತಡೆಯಲಾರದೆ ಸಾಲಿ ಬಿಟ್ಟು ಹೋದ ಮಕ್ಕಳನ್ನೂ ನೀವು ನೋಡಿರುತ್ತೀರಿ.

ಗುರುವಂದನೆ ಮಾಡುವುದು ಒಳ್ಳೆಯ ಕೆಲಸವೇ. ಬೇಸಿಗೆ ಬಂತೆಂದರೆ ಹಾವೇರಿ, ಗದಗ, ಧಾರವಾಡದ ಹಳ್ಳಿಗಳಲ್ಲಿ ಅದರ ಬ್ಯಾನರ್ ಕಾಣುತ್ತಲೇ ಇರುತ್ತವೆ, ನೋಡಿದಾಗೆಲ್ಲ ಖುಷಿಯಾಗುತ್ತದೆ. ನಿಮ್ಮ ಬ್ಯಾಚಿನವರಿಗೆ ನನ್ನದೊಂದು ಕೋರಿಕೆ ಮುಟ್ಟಿಸಿ. ಅತಿಥಿಗಳ ಭಾಷಣ ಕಡಿಮೆ ಮಾಡಿ. ಅದರ ಬದಲು ಹತ್ತು ಹಳೆಯ ವಿದ್ಯಾರ್ಥಿಗಳು ಎದ್ದು ನಿಂತು, ಪ್ರತಿಯೊಬ್ಬರೂ ಒಬ್ಬ ಮಾಸ್ತರ ಒಂದೇ ಒಂದು ದಿನದ ಸಂಗತಿ ಎರಡು ನಿಮಿಷದಲ್ಲಿ ಹೇಳಲಿ. ಶಾಲು, ಹಾರ, ಫಲಕ ಈಗಾಗಲೇ ಅವರ ಟ್ರಂಕಿನಲ್ಲಿ ಬೇಕಾದಷ್ಟಿವೆ. ಪ್ರತಿಯೊಬ್ಬ ಮಾಸ್ತರಿಗೂ ಮಕ್ಕಳು ಬರೆದ ಪತ್ರಗಳ ಒಂದು ಫೈಲ್ ಮಾಡಿಕೊಡಿ. ಗಂಟೆ ಬಾರಿಸುತ್ತಿದ್ದ ಜವಾನರನ್ನೂ ಕರೆಯಿರಿ. ಎಷ್ಟೋ ಮಕ್ಕಳಿಗೆ ತಮ್ಮ ಡಬ್ಬಿಯಲ್ಲಿನ ರೊಟ್ಟಿ ಹರಿದು ಕೊಟ್ಟವರು ಅವರು.

ಇದನ್ನು ಓದುವವರಲ್ಲಿ ಮಾಸ್ತರು ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲದವರೂ ಇರುತ್ತಾರೆ. 1997ರ ತನಕ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಹಿರೇಕೆರೂರಿನಲ್ಲಿ ಕಲಿಸಿದವರು ಮುಂಡರಗಿಗೋ ನವಲಗುಂದಕ್ಕೋ ವರ್ಗವಾಗಿ ಹೋಗಿರಬಹುದು. ಒಂದೇ ಜಿಲ್ಲೆಯಲ್ಲಿ ಹುಡುಕಿ ಸಿಗಲಿಲ್ಲ ಅಂತ ಬಿಡಬೇಡಿ. ಹಳೆಯ ಸಾಲಿಯ ಹೆಡ್ ಮಾಸ್ತರನ್ನು ಕೇಳಿ, ಅವರ ಕಾಲದ ಇನ್ನೊಬ್ಬ ಮಾಸ್ತರನ್ನು ಹುಡುಕಿ. ನಿವೃತ್ತರಾದವರಿಗೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಗೊತ್ತಿರುತ್ತದೆ. ತೀರಿಕೊಂಡಿದ್ದರೆ ಮನೆಯವರ ಹತ್ತಿರ ಹೋಗಿ. ಮಾಸ್ತರು ಸಾಲಿಯಲ್ಲಿ ಹೇಗಿದ್ದರು ಅಂತ ಅವರ ಮಕ್ಕಳಿಗೆ ಗೊತ್ತಿರುವುದಿಲ್ಲ, ಅವರು ನೋಡಿದ್ದು ಮನೆಯಲ್ಲಿ ದಣಿದು ಕೂತ ಅಪ್ಪನನ್ನು. ಹಣದ ಅನುಕೂಲ ಇದ್ದವರು ಅವರ ಹೆಸರಿನಲ್ಲಿ ಅದೇ ಸಾಲಿಯಲ್ಲಿ ಒಂದು ಚಿಕ್ಕ ದತ್ತಿ ಬಹುಮಾನ ಇಡಬಹುದು. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಹೀಗೆ ಹಿರಿಯರ ಹೆಸರಿನಲ್ಲಿ ಇಟ್ಟ ದತ್ತಿಗಳ ಕಾರ್ಯಕ್ರಮ ನಡೆಯುತ್ತಲೇ ಇರುತ್ತವೆ. ಆ ಮಾಸ್ತರ ಹೆಸರು ವರ್ಷಕ್ಕೊಮ್ಮೆಯಾದರೂ ಗಟ್ಟಿಯಾಗಿ ಕೇಳಿಸುತ್ತದೆ.

ನಿಮಗೆ ಅದೆಲ್ಲ ಬೇಕಾಗಿಲ್ಲ, ನಿಮ್ಮ ಮಾಸ್ತರು ಇದ್ದಾರೆ. ಇವತ್ತು ರಾತ್ರಿ ಆ ಒಂದು ಪುಟ ಬರೆಯಿರಿ. ಪುಣೆಯಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಹುಬ್ಬಳ್ಳಿ, ಅಲ್ಲಿಂದ ಗದಗಿಗೆ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ತಾಸು ಬದಲಿಸಿದ ಕಥೆಯನ್ನು ಮಾಸ್ತರು ಹೇಗೆ ಹೇಳಿದರು ಅಂತ ನನಗೂ ನಾಲ್ಕು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.